ಗಣಕಯಂತ್ರದ ಕಿಟಕಿಗಳೂ ಅಂಕಣಗಳೂ



ಗಣಕಯಂತ್ರವನ್ನು ಚಾಲೂ ಮಾಡಿದೊಡನೆ ನಮ್ಮ ಕಣ್ಣೆದುರು ಕಾಣುವುದು ಬರಿದಾದ ಒಂದು ಪರದೆ. ಪತ್ರ ಬರೆಯಲು ತೊಡಗಿದರೆ ಅದರ ಮೇಲೊಂದು ಚೌಕಟ್ಟು ತೆರೆಯುತ್ತದೆ. ಲೆಕ್ಕ ಮಾಡಲು ಹೋದರೆ ಇನ್ನೊಂದು, ಅಂತರಜಾಲದಲ್ಲಿ ಏನನ್ನಾದರೂ ಹುಡುಕಿದರೆ ಮತ್ತೊಂದು. ಈ ಚೌಕಟ್ಟಿಗೆ ಕಿಟಕಿ ಎಂದು ಹೆಸರು. ಕಾಲು ಗಂಟೆ ಕಳೆಯುವಷ್ಟರಲ್ಲಿ ಹತ್ತು ಕಿಟಕಿಗಳು ಒಂದರ ಮೇಲೊಂದು ಬಿದ್ದು, ಮೊದಲು ಬರೆಯುತ್ತಿದ್ದ ಪತ್ರ ಎಲ್ಲಿ ಹೋಯಿತೆಂದು ನಾವು ತಡಕಾಡುವ ಸ್ಥಿತಿ ಬರುತ್ತದೆ. ಇದನ್ನು ಕಂಡ ಪೋಷಕರು ಮಕ್ಕಳಿಗೆ ಏಕಾಗ್ರತೆಯಿಲ್ಲವೆಂದು ಬೈಯುವುದುಂಟು. ದೋಷವಿರುವುದು ಮಕ್ಕಳ ಬುದ್ಧಿಯಲ್ಲಲ್ಲ, ಹೆಚ್ಚಿನ ಮಟ್ಟಿಗೆ ಜೋಡಣೆಯಲ್ಲಿ ಎಂಬುದು ನಮ್ಮ ಅಭಿಪ್ರಾಯ. ಜೋಡಣೆಯನ್ನು ಕಲಿಯಬಹುದು. ಜೋಡಣೆಗಾಗಿ ಯಂತ್ರದೊಳಗಿರುವ ಸಲಕರಣೆಗಳನ್ನೂ ಇನ್ನಷ್ಟು ಉತ್ತಮಪಡಿಸಬಹುದು. ಈ ಪಾಠದಲ್ಲಿ ಎರಡನ್ನೂ ನೋಡೋಣ.

ಮೊದಲು ಪದಗಳ ವಿಚಾರ. ಕನ್ನಡದ ಮೇಷ್ಟರು ಪದವನ್ನು ಬಿಟ್ಟು ಮುಂದೆ ಹೋಗುವುದುಂಟೆ? ಕಿಟಕಿ ಎಂಬ ಮಾತು ಎಲ್ಲರಿಗೂ ತಿಳಿದದ್ದೇ. ಕಿಟಕಿಗಳನ್ನು ಗುಂಪು ಗುಂಪಾಗಿ ಬೇರೆ ಬೇರೆ ಕಡೆ ಇಡುವ ಏರ್ಪಾಡೊಂದು ಲಿನಕ್ಸ್ ಗಣಕಗಳಲ್ಲಿದೆ. ಒಂದೇ ಪರದೆಯ ಹಿಂದೆ ಕಾಣದಂತೆ ಇನ್ನೂ ಮೂರು ನಾಲ್ಕು ಪರದೆಗಳಿದ್ದ ಹಾಗೆ ಅದು ಕೆಲಸ ಮಾಡುತ್ತದೆ. ಇಂಗ್ಲಿಷಿನಲ್ಲಿ ಇದನ್ನು ವರ್ಕ್‌ಸ್ಪೇಸ್ ಎನ್ನುತ್ತಾರೆ. ನಾವು ಇಲ್ಲಿ ಅದನ್ನು ಅಂಕಣ ಎಂದು ಕರೆಯುತ್ತೇವೆ. ಇಂದು ಅಂಕಣವೆಂದರೆ ಪತ್ರಿಕೆಯ ಬರಹವೊಂದೇ ನಿಮಗೆ ನೆನಪಾಗಬಹುದು. ನಿಮ್ಮ ಅಜ್ಜಂದಿರನ್ನು ಕೇಳಿ ನೋಡಿ. ಕಂಬದಿಂದ ಕಂಬಕ್ಕೆ ಇರುವ ಜಾಗವೇ ಅಂಕಣ, ಮನೆಯ ದೊಡ್ಡಸ್ತಿಕೆಯನ್ನು ಹೇಳುತ್ತಿದ್ದುದೇ ಎಷ್ಟು ಅಂಕಣದ ಮನೆ ಎಂದು. ಒಂದು ಅಂಕಣದಲ್ಲಿ ಒಲೆ, ಒಂದರಲ್ಲಿ ಕಣಜ, ಒಂದರಲ್ಲಿ ದನದ ಕೊಟ್ಟಿಗೆ. ನಡುವೆ ಗೋಡೆ ಇರಲಿ ಬಿಡಲಿ, ಯಾವ ವಸ್ತು ಯಾವ ಅಂಕಣದ್ದು ಎಂಬುದು ಮನೆಯವರಿಗೆಲ್ಲ ಗೊತ್ತು. ಕತ್ತಲಲ್ಲಿ ಕೈಯಿಟ್ಟರೂ ಒನಕೆ ಸಿಗುತ್ತಿತ್ತು. ಗಣಕದಲ್ಲೂ ಬೇಕಾದದ್ದು ಇದೇ ತಾನೆ?

ಲಿನಕ್ಸ್ ನಮ್ಮ ಭಾಗಕ್ಕೆ ಹೊಸದೇನಲ್ಲ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಅದರ ತಿರುಳನ್ನು ಬರೆದನು. ಯಾರು ಬೇಕಾದರೂ ಅದನ್ನು ಪಡೆಯಬಹುದು, ತಿದ್ದಬಹುದು, ಹಂಚಬಹುದು. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆಯು ಚೆನ್ನೈಯಲ್ಲಿ ಇದರ ಆಧಾರದಿಂದಲೇ ಬಾಸ್ ಎಂಬ ಕಾರ್ಯವ್ಯವಸ್ಥೆಯನ್ನು ಸಿದ್ಧಪಡಿಸಿತು. ತಮಿಳುನಾಡು ಸರ್ಕಾರವು 2011ರಲ್ಲಿ ವಿದ್ಯಾರ್ಥಿಗಳಿಗೆ ಉಚಿತವಾಗಿ ಲ್ಯಾಪ್‌ಟಾಪ್ ಹಂಚಲು ಆರಂಭಿಸಿದಾಗ ಅವುಗಳಲ್ಲಿ ವಿಂಡೋಸಿನ ಜೊತೆಗೆ ಬಾಸ್ ಕೂಡ ಇತ್ತು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳಂತೂ ಕೇರಳದ ಕೈಟ್ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸಿನಲ್ಲಿಯೇ ಗಣಕ ಪಾಠವನ್ನು ಕನ್ನಡ ಪುಸ್ತಕದಿಂದ ಕಲಿಯುತ್ತಾರೆ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ ಅದರ ಕಂಪನಿಯ ಸಾಮಾನ್ಯ ಆಸರೆ ನಿಂತುಹೋದದ್ದರಿಂದ, ಮನೆಮನೆಯ ಬೀರುಗಳಲ್ಲಿ ಧೂಳು ತಿನ್ನುತ್ತಿರುವ ಹಳೆಯ ಲ್ಯಾಪ್‌ಟಾಪ್‌ಗಳಿಗೆ ಇಂದು ಲಿನಕ್ಸೇ ಗತಿ. ಗತಿ ಎಂದರೆ ದುರ್ಗತಿಯಲ್ಲ, ಒಳ್ಳೆಯ ಗತಿಯೇ.

ಈ ವಿಷಯ ನಮ್ಮ ಮನಸ್ಸಿಗೆ ತಟ್ಟಿದ್ದು ಕಂಬಂ ಕಣಿವೆಯಲ್ಲಿ. ತೇನಿ ಜಿಲ್ಲೆಯ ಚಿನ್ನಮನೂರು, ಉತ್ತಮಪಾಳಯಂ, ಕಂಬಂ, ಗೂಡಲೂರು ಈ ಊರುಗಳ ಸುತ್ತ ಮನೆಯಲ್ಲಿ ಕನ್ನಡವಾಡುವ ಒಕ್ಕಲಿಗ ಮನೆತನಗಳು ತಲೆಮಾರುಗಳಿಂದ ನೆಲೆಸಿವೆ. ಅಲ್ಲಿ ಅವರನ್ನು ಕಾಪಿಲಿಯರು ಎಂದೂ ಕರೆಯುತ್ತಾರೆ. ದಿಂಡಿಗಲ್ ಕಡೆ ಅನುಪ್ಪ ಗೌಂಡರ ಮನೆಗಳಲ್ಲಿಯೂ ಕನ್ನಡದ ಮಾತಿದೆ. ನಾವೂ ಆ ಕಣಿವೆಯವರೇ. ಮನೆಯಲ್ಲಿ ಕನ್ನಡವಾಡಿ, ಶಾಲೆಯಲ್ಲಿ ತಮಿಳು ಓದಿ, ಮುಂದೆ ಕನ್ನಡದ ಅಕ್ಷರ ಕಲಿತು, ಶಿಕ್ಷಕ ತರಬೇತಿ ಮುಗಿಸಿ ಈ ಗಡಿನಾಡಿನ ಶಾಲೆಗೆ ಬಂದವರು. ನಮ್ಮ ಅಕ್ಕ ಈಗಲೂ ಕಂಬಂ ಬಳಿ ಇದ್ದಾರೆ. ಭಾವನವರದು ದ್ರಾಕ್ಷಿ ಚಪ್ಪರ. ಅಲ್ಲಿಯ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ, ನೀವು ಓದಿರಬಹುದು.

ಕಳೆದ ಬೇಸಿಗೆಯಲ್ಲಿ ಅಲ್ಲಿಗೆ ಹೋಗಿದ್ದಾಗ ಅಕ್ಕನ ಮಗಳು ಕಾಲೇಜಿನ ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬುತ್ತಿದ್ದಳು. ಅಣ್ಣನಿಂದ ಅವಳ ಕೈಗೆ ಬಂದ ಹಳೆಯ ಲ್ಯಾಪ್‌ಟಾಪ್. ಬ್ಯಾಟರಿ ಸತ್ತು ಬಹುಕಾಲವಾಗಿತ್ತು. ತಂತಿ ಚುಚ್ಚಿದರಷ್ಟೇ ಉಸಿರು. ನಾವು ಎಣಿಸಿದೆವು, ಹನ್ನೊಂದು ಕಿಟಕಿಗಳು ತೆರೆದಿದ್ದವು. ಅರ್ಜಿ ಒಂದರಲ್ಲಿ, ಅಂಕಪಟ್ಟಿ ಒಂದರಲ್ಲಿ, ಬ್ಯಾಂಕಿನ ಪಾಸ್‌ಪುಸ್ತಕದ ಚಿತ್ರ ಇನ್ನೊಂದರಲ್ಲಿ, ಭಾವನವರಿಗಾಗಿ ನೋಡಿಟ್ಟಿದ್ದ ಬೋಡಿನಾಯಕನೂರಿನ ಏಲಕ್ಕಿ ಹರಾಜಿನ ಧಾರಣೆ ಮತ್ತೊಂದರಲ್ಲಿ, ತಮ್ಮನು ಬಿಟ್ಟುಹೋಗಿದ್ದ ಆಟವೊಂದು ಎಲ್ಲದರ ಹಿಂದೆ. ಅಷ್ಟರಲ್ಲಿ ಕರೆಂಟು ಹೋಯಿತು. ಮುಕ್ಕಾಲು ಗಂಟೆಯ ನಂತರ ಬಂದಾಗ ಪರದೆ ತೊಳೆದಿಟ್ಟ ಹಲಗೆಯಂತೆ ಖಾಲಿಯಾಗಿತ್ತು.

"ಎಲ್ಲಾ ಹೋಯ್ತು ಮಾವ. ಯಾವ್ದು ಎಲ್ಲಿತ್ತು ಅಂತಾನೇ ನೆನಪಿಲ್ಲ," ಎಂದಳು.

ಅರ್ಜಿಗೆ ಮರುದಿನವೇ ಕಡೆಯ ದಿನ. ರಾತ್ರಿ ಕುಳಿತು ಮತ್ತೆ ತುಂಬಿಸಿದೆವು. ಆದದ್ದು ಇಷ್ಟೇ ಆದರೂ ಅವಳ ಮಾತನ್ನು ಗಮನಿಸಬೇಕು. ಬರೆದದ್ದು ಹೋಯಿತೆಂಬ ದುಃಖಕ್ಕಿಂತ ಯಾವುದು ಎಲ್ಲಿತ್ತು ಎಂಬುದು ಹೋಯಿತೆಂಬ ದುಃಖ ಅವಳಿಗೆ ಹೆಚ್ಚಾಗಿತ್ತು. ಬರಹವನ್ನು ಯಂತ್ರವು ಅಷ್ಟಿಷ್ಟು ಉಳಿಸಿಕೊಳ್ಳುತ್ತದೆ. ನೆಲೆಯನ್ನು ಉಳಿಸಿಕೊಳ್ಳುವುದಿಲ್ಲ.

ಈ ತೊಡಕನ್ನು ಬಲ್ಲವರು ಹಿಂದೆಯೇ ಕಂಡಿದ್ದರು. 1968ರ ಡಿಸೆಂಬರ್ 9ರಂದು ಅಮೆರಿಕದ ಡಗ್ಲಾಸ್ ಎಂಗೆಲ್ಬಾರ್ಟ್ ಒಂದೇ ಪರದೆಯನ್ನು ಪಾಲು ಮಾಡಿ ಹಲವು ಕೆಲಸ ಮಾಡಬಹುದೆಂದು ಸಭೆಯಲ್ಲಿ ತೋರಿಸಿದರು. 1981ರಲ್ಲಿ ಬಂದ ಜೆರಾಕ್ಸ್ ಸ್ಟಾರ್ ಎಂಬ ಗಣಕದಲ್ಲಿ ಕಿಟಕಿಗಳು ಬಹುಮಟ್ಟಿಗೆ ಒಂದನ್ನೊಂದು ಮುಚ್ಚದೆ ಗದ್ದೆಗಳಂತೆ ಬದುಬದುವಾಗಿ ಕುಳಿತಿರುತ್ತಿದ್ದವು. ಮುಂದೆ ಗೆದ್ದದ್ದು ಒಂದರ ಮೇಲೊಂದು ಬೀಳುವ ಪದ್ಧತಿ. 1986ರಲ್ಲಿ ಅದೇ ಜೆರಾಕ್ಸ್ ಸಂಶೋಧನಾಲಯದ ಆಸ್ಟಿನ್ ಹೆಂಡರ್ಸನ್ ಮತ್ತು ಸ್ಟುವರ್ಟ್ ಕಾರ್ಡ್ ಎಂಬವರು ಒಂದು ಪ್ರಬಂಧ ಬರೆದರು. ಪರದೆ ಚಿಕ್ಕದು, ಕೆಲಸ ಬಹಳ. ಆದರೆ ಯಾವುದೇ ಹೊತ್ತಿನಲ್ಲಿ ಮನುಷ್ಯನಿಗೆ ಬೇಕಾಗುವುದು ಕೆಲವೇ ಕಿಟಕಿಗಳ ಒಂದು ಗುಂಪು. ಆದ್ದರಿಂದ ಕೆಲಸಕ್ಕೊಂದು ಕೋಣೆ ಮಾಡಿ, ಕೋಣೆಯಿಂದ ಕೋಣೆಗೆ ಬಾಗಿಲು ಇಡೋಣ ಎಂದರು. ತಮ್ಮ ವ್ಯವಸ್ಥೆಗೆ ಕೋಣೆಗಳು ಎಂದೇ ಹೆಸರಿಟ್ಟರು. ನಮ್ಮ ಅಂಕಣವೂ ಅವರ ಕೋಣೆಯೂ ಬೇರೆಯಲ್ಲ ನೋಡಿ. ಅವರ ಕೋಣೆಗಳಲ್ಲಿ ಇನ್ನೊಂದು ಸೊಗಸಿತ್ತು. ಒಂದೇ ಕಿಟಕಿಯನ್ನು ಎರಡು ಕೋಣೆಗಳಲ್ಲಿ ಇಡಬಹುದಾಗಿತ್ತು, ಒಂದರಲ್ಲಿ ದೊಡ್ಡದಾಗಿ, ಇನ್ನೊಂದರಲ್ಲಿ ಮೂಲೆಯಲ್ಲಿ ಚಿಕ್ಕದಾಗಿ. ಇಷ್ಟು ವರ್ಷಗಳಾದರೂ ನಮ್ಮ ಕೈಯಲ್ಲಿರುವ ಸಾಮಾನ್ಯ ಗಣಕಗಳಿಗೆ ಅದು ಪೂರ್ತಿಯಾಗಿ ಬಂದಿಲ್ಲ.

ಲಿನಕ್ಸಿನಲ್ಲಿ ಪರದೆಯ ಮೇಲಿನ ವ್ಯವಸ್ಥೆಯನ್ನು ನೋಡಿಕೊಳ್ಳುವ ತಂಡಗಳು ಹಲವು. 1996ರಲ್ಲಿ ಆರಂಭವಾದ ಕೆ.ಡಿ.ಇ., 1997ರಲ್ಲಿ ಆರಂಭವಾದ ಗ್ನೋಮ್ ಇವೆರಡು ದೊಡ್ಡವು. ಹಳೆಯ ಯಂತ್ರಗಳಿಗೆ ಹಗುರವಾದ ಎಕ್ಸ್‌ಎಫ್‌ಸಿಇ ಇದೆ, ಲಿನಕ್ಸ್ ಮಿಂಟಿನ ಸಿನಮನ್ ಇದೆ. ಮನೆಯ ಯಂತ್ರದಲ್ಲಿ ಯಾವುದಿದೆಯೆಂದು ನೋಡಿಕೊಂಡು ಮುಂದಿನದನ್ನು ಓದಿರಿ.

ಕೈಯಲ್ಲಿ ಈಗಾಗಲೇ ಇರುವುದನ್ನು ಬಳಸದೆ ಹೊಸದನ್ನು ಕೇಳುವುದು ಸರಿಯಲ್ಲವಾದ್ದರಿಂದ ಮೊದಲು ನಾಲ್ಕು ಕೀಲಿಗಳನ್ನು ಕಲಿಯಿರಿ. ಕೀಲಿಮಣೆಯಲ್ಲಿ ಕಿಟಕಿಯ ಗುರುತಿರುವ ಸೂಪರ್ ಕೀಲಿಯನ್ನು ಹಿಡಿದು ಎಡ ಬಾಣವನ್ನು ಒತ್ತಿದರೆ ತೆರೆದಿರುವ ಕಿಟಕಿ ಪರದೆಯ ಎಡ ಅರ್ಧಕ್ಕೆ ಸರಿಯುತ್ತದೆ. ಬಲ ಬಾಣಕ್ಕೆ ಬಲ ಅರ್ಧ. ಆಲ್ಟ್ ಮತ್ತು ಟ್ಯಾಬ್ ಕೂಡಿಸಿದರೆ ಕಿಟಕಿಯಿಂದ ಕಿಟಕಿಗೆ ಜಿಗಿಯಬಹುದು. ಕಂಟ್ರೋಲ್, ಆಲ್ಟ್ ಎರಡನ್ನೂ ಹಿಡಿದು ಎಡ ಬಲ ಬಾಣ ಒತ್ತಿದರೆ ಅನೇಕ ವ್ಯವಸ್ಥೆಗಳಲ್ಲಿ ಅಂಕಣದಿಂದ ಅಂಕಣಕ್ಕೆ ಹೋಗುತ್ತೇವೆ. ಗ್ನೋಮಿನಲ್ಲಿ ಸೂಪರ್ ಕೀಲಿಯೊಡನೆ ಪೇಜ್ ಅಪ್, ಪೇಜ್ ಡೌನ್ ಒತ್ತಿದರೂ ಆಗುತ್ತದೆ. ಜೊತೆಗೆ ಶಿಫ್ಟ್ ಕೂಡಿಸಿದರೆ ಕಿಟಕಿಯನ್ನೂ ಹೊತ್ತುಕೊಂಡು ಹೋಗುತ್ತೇವೆ. ಒಂದು ವಾರ ಬೇಕೆಂದೇ ಅಭ್ಯಾಸ ಮಾಡಿದರೆ ಕೈ ತಾನಾಗಿ ಕಲಿಯುತ್ತದೆ. ಮಗ್ಗಿ ಬಾಯಿಪಾಠ ಮಾಡಿದ್ದೀರಲ್ಲವೆ?

ಇನ್ನು ವಿಚಾರಗಳಿಗೆ ಬರೋಣ.

ಅಂಕಣಗಳು ಎಷ್ಟಿರಬೇಕು, ಸ್ಥಿರವಾಗಿರಬೇಕೆ ಎಂಬುದು ಮೊದಲ ಪ್ರಶ್ನೆ. 2011ರಲ್ಲಿ ಹೊಸರೂಪ ತಾಳಿದ ಗ್ನೋಮ್, ಬೇಕಾದಾಗ ಅಂಕಣ ತಾನಾಗಿ ಹುಟ್ಟಿ, ಖಾಲಿಯಾದಾಗ ತಾನಾಗಿ ಅಳಿಯುವ ಪದ್ಧತಿಯನ್ನು ತಂದಿತು. ಜಾಣತನವೇನೋ ಹೌದು. ಆದರೆ ನಡುವಿನ ಅಂಕಣವೊಂದು ಅಳಿದರೆ ಅದರ ಮುಂದಿನವೆಲ್ಲ ಒಂದೊಂದು ಹೆಜ್ಜೆ ಸರಿಯುತ್ತವೆ. ನಿನ್ನೆ ಮೂರನೆಯದಾಗಿದ್ದ ಗಣಿತ ಇಂದು ಎರಡನೆಯದು. ಮನೆಯಲ್ಲಿ ಅಡುಗೆಮನೆ ದಿನಕ್ಕೊಂದು ಕಡೆ ಸರಿದರೆ ಏನಾದೀತು? ವಿದ್ಯಾರ್ಥಿಗಳಿಗೆ ಸ್ಥಿರ ಅಂಕಣಗಳೇ ಮೇಲು. ಗ್ನೋಮಿನ ಸೆಟ್ಟಿಂಗ್ಸಿನಲ್ಲಿ ಬಹುಕಾರ್ಯದ ಪುಟಕ್ಕೆ ಹೋಗಿ ನಿಶ್ಚಿತ ಸಂಖ್ಯೆಯನ್ನು ಆರಿಸಿ ನಾಲ್ಕು ಎಂದು ಇಡಬಹುದು. ನಾಲ್ಕಕ್ಕಿಂತ ಹೆಚ್ಚು ಬೇಡ.

ಇಟ್ಟ ಅಂಕಣಗಳಿಗೆ ಹೆಸರಿರಬೇಕು. ಒಂದು, ಎರಡು, ಮೂರು ಎಂಬುದು ಹೆಸರಲ್ಲ. ಕೆ.ಡಿ.ಇ., ಎಕ್ಸ್‌ಎಫ್‌ಸಿಇ, ಸಿನಮನ್ ಇವುಗಳಲ್ಲಿ ಸೆಟ್ಟಿಂಗ್ಸಿನಲ್ಲೋ ಅಂಕಣಗಳ ನೋಟದಲ್ಲೋ ಹೆಸರು ಬರೆಯಬಹುದು. ಕನ್ನಡದಲ್ಲಿಯೇ ಬರೆಯಬಹುದು. ಓದು, ಬರಹ, ಪತ್ರ, ಬಿಡುವು ಎಂದು ಹೆಸರಿಟ್ಟರೆ ಸಾಕು. ಗ್ನೋಮಿನಲ್ಲಿಯೂ ಹೆಸರಿಡುವ ಅನುಕೂಲ ಒಳಗೆಲ್ಲೋ ಇದೆ. ಆದರೆ ಅದನ್ನು ಹುಡುಕಲು ಆದೇಶದ ಸಾಲು ಬರೆಯಬೇಕು. ಸಾಮಾನ್ಯ ಮನೆಯವರಿಗೆ ಅದು ಬೀಗ ಹಾಕಿದ ಪೆಟ್ಟಿಗೆ. ಅಂಕಣದ ಮೇಲೆ ಒಮ್ಮೆ ಒತ್ತಿದರೆ ಹೆಸರು ಬರೆಯುವಂತಾಗಬೇಕು, ಬರೆದ ಹೆಸರು ಪರದೆಯ ಮೇಲ್ಭಾಗದಲ್ಲಿ ಸದಾ ಕಾಣುತ್ತಿರಬೇಕು. ಬಿಡುವು ಎಂಬ ಅಂಕಣವೂ ಇರಲಿ ಎಂದು ನಾವು ಬೇಕೆಂದೇ ಹೇಳಿದ್ದೇವೆ. ಆಟವನ್ನು ಅರ್ಜಿಯ ಹಿಂದೆ ಬಚ್ಚಿಡುವುದಕ್ಕಿಂತ ಅದಕ್ಕೊಂದು ಜಾಗ ಕೊಟ್ಟು, ಇಷ್ಟು ಹೊತ್ತಿಗೆ ಎಂದು ಮನೆಯಲ್ಲಿ ಮಾತಾಡಿಕೊಳ್ಳುವುದು ಒಳ್ಳೆಯದು. ಹೀಗೆ ಹೇಳಿದ್ದಕ್ಕೆ ಕೆಲವು ಪೋಷಕರು ನಮ್ಮ ಮೇಲೆ ಮುನಿಸಿಕೊಳ್ಳಬಹುದು.

ಪೋಷಕರು ತಿಳಿಯಬೇಕಾದ ಇನ್ನೊಂದು ಮಾತಿದೆ. ಅಂಕಣವು ಬೀಗವಲ್ಲ. ದಿಂಡಿಗಲ್ಲಿನ ಬೀಗ ಊರೂರಿಗೆ ಹೆಸರಾದದ್ದು, 2019ರಲ್ಲಿ ಭೌಗೋಳಿಕ ಗುರುತನ್ನೂ ಪಡೆದದ್ದು. ಅಂಥ ಭದ್ರತೆಯನ್ನು ಅಂಕಣದಿಂದ ನಿರೀಕ್ಷಿಸಬಾರದು. ಪಕ್ಕದ ಅಂಕಣದಲ್ಲಿರುವ ಬ್ಯಾಂಕಿನ ಕಿಟಕಿಯನ್ನು ಯಾರು ಬೇಕಾದರೂ ಒಂದು ಕೀಲಿಯಿಂದ ನೋಡಬಲ್ಲರು. ಒಂದು ಯಂತ್ರವನ್ನು ಮನೆಯವರೆಲ್ಲ ಬಳಸುವುದಾದರೆ ಒಬ್ಬೊಬ್ಬರಿಗೂ ಬೇರೆ ಬಳಕೆದಾರರ ಖಾತೆ, ಬೇರೆ ಗುಪ್ತಪದ ಮಾಡಿಕೊಡಿ. ಅದು ಉಚಿತ, ಹತ್ತು ನಿಮಿಷದ ಕೆಲಸ. ಎದ್ದು ಹೋಗುವಾಗ ಸೂಪರ್ ಕೀಲಿಯೊಡನೆ ಎಲ್ ಒತ್ತಿದರೆ ಗ್ನೋಮ್, ಕೆ.ಡಿ.ಇ.ಗಳಲ್ಲಿ ಪರದೆಗೆ ಬೀಗ ಬೀಳುತ್ತದೆ.

ಈಗ ಪರದೆಯ ಅಳತೆಯ ಮಾತು. ಹಳೆಯ ಲ್ಯಾಪ್‌ಟಾಪುಗಳಲ್ಲಿ ಅನೇಕದರ ಪರದೆ 1366 ಬಿಂದು ಅಗಲ, 768 ಬಿಂದು ಎತ್ತರ. ಎರಡು ಸಮಪಾಲು ಮಾಡಿದರೆ ಒಂದೊಂದಕ್ಕೆ 683 ಬಿಂದು. ಇಷ್ಟರಲ್ಲಿ ಜಾಲಪುಟವೂ ಸರಿಯಾಗಿ ಕಾಣದು, ಬರೆಯುವ ಹಾಳೆಯೂ ಸರಿಯಾಗಿ ಕಾಣದು. ನಾಲ್ಕು ಪಾಲು ಮಾಡಿಕೊಡುವ ವ್ಯವಸ್ಥೆಗಳಿವೆ, ಸಿನಮನಿನಲ್ಲಿ ಮೂಲೆಗೆ ಎಳೆದರೆ ಕಾಲು ಭಾಗವಾಗುತ್ತದೆ. ದೊಡ್ಡ ಪರದೆಯವರಿಗೆ ಅದು ಚೆಂದ. ನಮ್ಮ ಪರದೆಗೆ ಅದು ಅರ್ಧ ಸೆಂಟು ಜಮೀನನ್ನು ನಾಲ್ಕು ಅಣ್ಣತಮ್ಮಂದಿರು ಪಾಲು ಮಾಡಿಕೊಂಡಂತೆ. ಬೇಕಾದದ್ದು ಎರಡು ಪಾಲು ಒಂದು ಪಾಲಿನ ಲೆಕ್ಕ. ಬರೆಯುವ ಹಾಳೆಗೆ ಸುಮಾರು 910 ಬಿಂದು, ನೋಡಿಕೊಳ್ಳುವ ಟಿಪ್ಪಣಿಗೆ 455. ಗ್ನೋಮಿನಲ್ಲಿ ಎರಡು ಕಿಟಕಿಗಳನ್ನು ಅಕ್ಕಪಕ್ಕ ಕೂರಿಸಿದ ಮೇಲೆ ನಡುವಿನ ಗೆರೆಯನ್ನು ಹಿಡಿದು ಎಳೆದರೆ ಒಂದು ಹಿಗ್ಗಿ ಇನ್ನೊಂದು ಕುಗ್ಗುತ್ತದೆ. ಕೆ.ಡಿ.ಇ.ಯಲ್ಲಿ 2023ರ ಫೆಬ್ರವರಿಯಿಂದ, ಸೂಪರ್ ಮತ್ತು ಟಿ ಒತ್ತಿ ನಮಗೆ ಬೇಕಾದಂತೆ ಬದು ಹಾಕಿಕೊಳ್ಳಬಹುದು. ಆಮೇಲೆ ಶಿಫ್ಟ್ ಹಿಡಿದು ಕಿಟಕಿಯನ್ನು ಎಳೆದರೆ ಅದು ಆ ಗದ್ದೆಯಲ್ಲಿ ಹೋಗಿ ಕೂರುತ್ತದೆ. ನಮ್ಮ ಸಲಹೆಯೆಂದರೆ, ಪರದೆಯ ಅಳತೆಯನ್ನು ಯಂತ್ರವೇ ಬಲ್ಲದಾದ್ದರಿಂದ ಚಿಕ್ಕ ಪರದೆಯಲ್ಲಿ ಅದು ತಾನಾಗಿಯೇ ಎರಡು-ಒಂದರ ಪಾಲನ್ನು ಮುಂದಿಡಬೇಕು. ಅರ್ಧರ್ಧ ಎಂಬುದು ನೋಡಲು ನ್ಯಾಯ, ಬಳಸಲು ಅನ್ಯಾಯ.

ಪಾಲು ಮಾಡುವುದೇ ಬೇಡ ಎಂಬ ಇನ್ನೊಂದು ದಾರಿಯೂ ಉಂಟು. ಅದು ನಮಗೆ ಬಹಳ ಹಿಡಿಸಿದೆ. ಇದಕ್ಕಾಗಿ ಒಂದು ಹಳೆಯ ವಸ್ತುವನ್ನು ನೆನೆಯಬೇಕು. ಇಂದು ಕಚೇರಿಗಳಲ್ಲಿ ಫೈಲಿಗೆ ಕಡತ ಎನ್ನುತ್ತೇವೆ. ಮೂಲದಲ್ಲಿ ಕಡತವೆಂದರೆ ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಲ ಪುಡಿ ಬಳಿದು ಕಪ್ಪಾಗಿಸಿ, ಬಳಪದಿಂದ ಬರೆದು, ಮಡಿಕೆ ಮಡಿಕೆಯಾಗಿ ಮಡಿಸಿಡುತ್ತಿದ್ದರು. ಶೃಂಗೇರಿ ಮಠದ ಕಡತಗಳು ಪ್ರಸಿದ್ಧವಾದವು. ಕಡತ ಎಷ್ಟು ಉದ್ದವಿದ್ದರೇನು, ನಮ್ಮ ಮುಂದೆ ಬಿಚ್ಚಿಕೊಳ್ಳುವುದು ಒಂದೋ ಎರಡೋ ಮಡಿಕೆ ಮಾತ್ರ. ಉಳಿದದ್ದು ಎಡಕ್ಕೂ ಬಲಕ್ಕೂ ತನ್ನ ಕ್ರಮದಲ್ಲಿ ಕಾದಿರುತ್ತದೆ. ಗ್ನೋಮಿಗೆ ಜೋಡಿಸಬಹುದಾದ ಪೇಪರ್‌ಡಬ್ಲ್ಯೂಎಂ, ಇತ್ತೀಚಿನ ನಿರಿ ಎಂಬ ವ್ಯವಸ್ಥೆ, ಇವು ಕಿಟಕಿಗಳನ್ನು ಹೀಗೆಯೇ ಸಾಲಾಗಿ ಉದ್ದಕ್ಕೆ ಇಡುತ್ತವೆ. ಹೊಸ ಕಿಟಕಿ ಬಂದರೆ ಹಳೆಯದು ಕುಗ್ಗುವುದಿಲ್ಲ, ಪಕ್ಕಕ್ಕೆ ಸರಿಯುತ್ತದೆ ಅಷ್ಟೆ. ಒಂದೊಂದೂ ತನ್ನ ಅಗಲವನ್ನು ಕಾಪಾಡಿಕೊಳ್ಳುತ್ತದೆ. ಚಿಕ್ಕ ಪರದೆಗೆ ಇದಕ್ಕಿಂತ ತಕ್ಕದ್ದು ನಮಗೆ ತೋರಿಲ್ಲ. ಕೊರತೆಯೆಂದರೆ ಇವನ್ನು ಅಳವಡಿಸುವುದು ಬಲ್ಲವರಿಗಷ್ಟೇ ಸುಲಭ. ಮಕ್ಕಳಿಗೆ ಕೊಡುವ ಲಿನಕ್ಸಿನಲ್ಲಿ ಕಡತದ ಜೋಡಣೆಯೆಂಬ ಒಂದು ಗುಂಡಿ ಮೊದಲೇ ಇರಲಿ, ಒತ್ತಿದರೆ ಬರಲಿ, ಬೇಡವಾದರೆ ಹೋಗಲಿ.

ಕೆಲವು ಕಿಟಕಿಗಳು ಎಲ್ಲ ಅಂಕಣದಲ್ಲೂ ಬೇಕು. ನಿಘಂಟು ಅಂಥದು. ಕಿಟಕಿಯ ತಲೆಪಟ್ಟಿಯ ಮೇಲೆ ಬಲ ಗುಂಡಿ ಒತ್ತಿದಾಗ ಕಾಣುವ ಪಟ್ಟಿಯಲ್ಲಿ ಎಲ್ಲ ಅಂಕಣಗಳಲ್ಲೂ ತೋರಿಸು ಎಂಬ ಅರ್ಥದ ಸಾಲಿದೆ, ಅದನ್ನು ಬಳಸಿರಿ. ಕೆಲವು ಕಿಟಕಿಗಳು ಒಂದೇ ಅಂಕಣಕ್ಕೆ ಸೇರಿದವು. ಅಂಥವು ತೆರೆದಾಗಲೆಲ್ಲ ತಮ್ಮ ಜಾಗಕ್ಕೆ ಹೋಗುವಂತೆ ಕೆ.ಡಿ.ಇ.ಯಲ್ಲಿ ನಿಯಮ ಬರೆಯಬಹುದು, ಗ್ನೋಮಿನಲ್ಲಿ ಅದಕ್ಕೊಂದು ಸೇರ್ಪಡೆ ಇದೆ. ಆದರೆ ನಿಯಮ ಬರೆಯುವ ಪುಟವನ್ನು ತೆರೆದು ನೋಡಿದರೆ ತಲೆ ಸುತ್ತುತ್ತದೆ. ನಾವು ಒಂದೇ ಕಿಟಕಿಯನ್ನು ಮೂರು ದಿನ ಒಂದೇ ಅಂಕಣಕ್ಕೆ ಎಳೆದೊಯ್ದರೆ ನಾಲ್ಕನೆಯ ದಿನ ಯಂತ್ರವೇ, ಇನ್ನು ಮುಂದೆ ಇದನ್ನು ಇಲ್ಲೇ ಇಡಲೇ, ಎಂದು ಒಮ್ಮೆ ಕೇಳಬಾರದೆ? ಮನೆಯ ಕೆಲಸದಾಳು ಮೂರು ದಿನದಲ್ಲಿ ಕಲಿಯುವುದನ್ನು ಯಂತ್ರ ಏಕೆ ಕಲಿಯಬಾರದು?

ಕರೆಂಟಿನ ವಿಚಾರಕ್ಕೆ ಮರಳೋಣ. ಇದೇ ಎಲ್ಲಕ್ಕಿಂತ ಮುಖ್ಯವೆಂದು ನಾವು ಭಾವಿಸುತ್ತೇವೆ. ಬರಹವನ್ನು ಕಾಪಾಡಲು ಲಿಬ್ರೆಆಫೀಸಿನಲ್ಲಿ ತಾನಾಗಿ ಉಳಿಸುವ ಏರ್ಪಾಡಿದೆ. ಟೂಲ್ಸ್ ಪಟ್ಟಿಯಲ್ಲಿ ಆಪ್ಷನ್ಸಿಗೆ ಹೋಗಿ, ಲೋಡ್-ಸೇವ್ ಎಂಬಲ್ಲಿ ಅದರ ಅವಧಿಯನ್ನು ಎರಡು ನಿಮಿಷಕ್ಕೆ ಇಳಿಸಿರಿ. ಫೈರ್‌ಫಾಕ್ಸಿನಲ್ಲಿ ಹಿಂದಿನ ಪುಟಗಳನ್ನು ಮರಳಿ ತೆರೆಯುವ ಆಯ್ಕೆಗೆ ಗುರುತು ಹಾಕಿರಿ. ಈ ಎರಡನ್ನು ಇಂದೇ ಮಾಡಿರಿ. ಇವು ಬರಹವನ್ನೂ ಪುಟವನ್ನೂ ಉಳಿಸುತ್ತವೆ, ಆದರೆ ಕಿಟಕಿಯ ನೆಲೆಯನ್ನಲ್ಲ. ಎಕ್ಸ್‌ಎಫ್‌ಸಿಇಯಲ್ಲಿ ಹೊರಗೆ ಹೋಗುವಾಗ ಇಂದಿನ ಜೋಡಣೆಯನ್ನು ಮುಂದಿನ ಸಲಕ್ಕೆ ಉಳಿಸು ಎಂಬ ಗುರುತಿದೆ. ಅದು ನಾವು ಹೇಳಿಕೇಳಿ ಹೊರಟಾಗ. ಕರೆಂಟು ಹೇಳಿ ಹೋಗುವುದೇ?

ನೆಲೆ ಉಳಿಸುವುದು ಏಕೆ ಕಷ್ಟವೆಂಬುದನ್ನೂ ತಿಳಿಯಿರಿ. 1984ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಹುಟ್ಟಿದ ಎಕ್ಸ್ ಎಂಬ ಹಳೆಯ ಪದ್ಧತಿಯಲ್ಲಿ ಪ್ರತಿ ತಂತ್ರಾಂಶವೂ ನನ್ನನ್ನು ಇಂಥ ಕಡೆ ಕೂರಿಸು ಎಂದು ಕೇಳಬಹುದಾಗಿತ್ತು. ಒಂದು ತಂತ್ರಾಂಶ ಇನ್ನೊಂದರ ಮೇಲೆ ಕಣ್ಣಿಡಬಹುದಾದ ಅಪಾಯವೂ ಅದರಲ್ಲಿತ್ತು. 2008ರಲ್ಲಿ ಕ್ರಿಸ್ಟಿಯನ್ ಹಾಗ್ಸ್‌ಬರ್ಗ್ ಆರಂಭಿಸಿದ ವೇಲ್ಯಾಂಡ್ ಎಂಬ ಹೊಸ ಪದ್ಧತಿ ಆ ಅಪಾಯವನ್ನು ಬಹಳವಾಗಿ ತಗ್ಗಿಸಿತು. ಅದರ ಬೆಲೆಯಾಗಿ, ತಾನು ಪರದೆಯ ಮೇಲೆ ಎಲ್ಲಿದ್ದೇನೆಂಬುದೇ ತಂತ್ರಾಂಶಕ್ಕೆ ತಿಳಿಯದಂತಾಯಿತು. ಆದ್ದರಿಂದ ನೆಲೆಯನ್ನು ನೆನಪಿಡುವ ಹೊಣೆ ಮನೆಯ ಯಜಮಾನನಂತಿರುವ ಕಿಟಕಿ ನಿರ್ವಾಹಕನದು. ತಂತ್ರಾಂಶವು ನಾನು ನಿನ್ನೆ ಬಂದಿದ್ದವನೇ ಎಂದು ಗುರುತು ಹೇಳಬೇಕು, ಯಜಮಾನನು ಹಾಗಾದರೆ ನಿನ್ನ ಜಾಗ ಅದು ಎನ್ನಬೇಕು. ಇಬ್ಬರೂ ಒಪ್ಪಿದರೇ ಕೆಲಸ. ನಮ್ಮ ವಿನಂತಿ ಇಷ್ಟು: ಲಿಬ್ರೆಆಫೀಸು ಬರಹವನ್ನು ಉಳಿಸುವಂತೆ ಯಜಮಾನನು ಕೆಲವು ನಿಮಿಷಗಳಿಗೊಮ್ಮೆ ಯಾವುದು ಎಲ್ಲಿದೆ ಎಂಬ ಪಟ್ಟಿಯನ್ನು ಬರೆದಿಡಲಿ. ಅದು ಕೆಲವೇ ಸಾಲುಗಳ ಬರಹ, ಹಳೆಯ ಯಂತ್ರಕ್ಕೂ ಭಾರವಲ್ಲ. ಕರೆಂಟು ಬಂದ ಮೇಲೆ ಎಲ್ಲವನ್ನೂ ಒಮ್ಮೆಗೇ ತೆರೆಯಬೇಕಾಗಿಯೂ ಇಲ್ಲ. ಪಟ್ಟಿಯನ್ನು ತೋರಿಸಿದರೂ ಸಾಕು. ನಮ್ಮ ಅಕ್ಕನ ಮಗಳಿಗೆ ಆ ರಾತ್ರಿ ಅಂಥ ಹನ್ನೊಂದು ಸಾಲುಗಳಿದ್ದಿದ್ದರೆ ಸಾಕಾಗಿತ್ತು.

ಯಂತ್ರದವರು ಇದನ್ನು ಮಾಡುವ ತನಕ ಅವಳು ಒಂದು ಉಪಾಯ ಹೂಡಿದ್ದಾಳೆ. ಕೆಲಸಕ್ಕೆ ಕೂರುವ ಮುಂಚೆ ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ನಾಲ್ಕು ಮನೆಗಳ ಒಂದು ಚೌಕ ಎಳೆದು ಯಾವ ಅಂಕಣದಲ್ಲಿ ಏನು ಎಂದು ಪೆನ್ಸಿಲಿನಿಂದ ಗುರುತಿಸಿಕೊಳ್ಳುತ್ತಾಳೆ. ಪೆನ್ಸಿಲಿಗೆ ಕರೆಂಟು ಬೇಡ.

ಕೊನೆಯದಾಗಿ ಭಾಷೆಯ ಮಾತು. ಗಡಿನಾಡಿನ ನಮ್ಮ ಮಕ್ಕಳು ಒಂದೇ ಸಂಜೆ ಕನ್ನಡದಲ್ಲಿ ಪ್ರಬಂಧ, ತಮಿಳಿನಲ್ಲಿ ಅರ್ಜಿ, ಇಂಗ್ಲಿಷಿನಲ್ಲಿ ವಿಜ್ಞಾನ ಬರೆಯಬೇಕಾಗುತ್ತದೆ. ಕಿಟಕಿ ಬದಲಾದಾಗಲೆಲ್ಲ ಕೀಲಿಮಣೆಯ ಲಿಪಿಯನ್ನೂ ಬದಲಿಸಬೇಕು. ಮರೆತರೆ ಇಂಗ್ಲಿಷ್ ಗುಪ್ತಪದದ ಜಾಗದಲ್ಲಿ ಕನ್ನಡ ಅಕ್ಷರಗಳು ಬೀಳುತ್ತವೆ. ಲಿನಕ್ಸಿನಲ್ಲಿ ಕನ್ನಡಕ್ಕೆ ಕಗಪ ವಿನ್ಯಾಸವೂ ದೊರೆಯುತ್ತದೆ, ಕನ್ನಡ ಗಣಕ ಪರಿಷತ್ತಿನ ಹೆಸರಿನದು. ಗ್ನೋಮಿನ ಕೀಲಿಮಣೆ ಸೆಟ್ಟಿಂಗ್ಸಿನಲ್ಲಿ ಪ್ರತಿ ಕಿಟಕಿಗೂ ಬೇರೆ ಲಿಪಿ ಎಂಬ ಅರ್ಥದ ಆಯ್ಕೆಯಿದೆ. ಅದನ್ನು ಆರಿಸಿದರೆ ಪ್ರಬಂಧದ ಕಿಟಕಿ ಕನ್ನಡವನ್ನೂ ಅರ್ಜಿಯ ಕಿಟಕಿ ತಮಿಳನ್ನೂ ನೆನಪಿಟ್ಟುಕೊಳ್ಳುತ್ತವೆ. ನಮ್ಮ ಶಾಲೆಯ ಮಕ್ಕಳಿಗೆ ಇದನ್ನು ತೋರಿಸಿದಾಗ ಅವರಿಗಾದ ಸಂತೋಷ ಬೇರೆ ಯಾವುದಕ್ಕೂ ಆಗಲಿಲ್ಲ. ಇದನ್ನೇ ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕೆಂದು ನಮ್ಮ ಆಸೆ. ಲಿಪಿಯು ಕಿಟಕಿಗಲ್ಲದೆ ಅಂಕಣಕ್ಕೆ ಸೇರಲಿ. ಕನ್ನಡದ ಅಂಕಣಕ್ಕೆ ಕಾಲಿಟ್ಟರೆ ಕೀಲಿಮಣೆ ಕನ್ನಡವಾಗಲಿ, ನಿಘಂಟು ಕನ್ನಡವಾಗಲಿ, ಕಾಗುಣಿತ ತಿದ್ದುವುದೂ ಕನ್ನಡವಾಗಲಿ. ಪಕ್ಕದ ಅಂಕಣಕ್ಕೆ ಹೋದರೆ ಎಲ್ಲವೂ ತಮಿಳಾಗಲಿ. ಕಂಬಂ ಕಣಿವೆಯ ಮನೆಗಳಲ್ಲಿ ಹೊಸ್ತಿಲ ಒಳಗೆ ಕನ್ನಡ, ಹೊರಗೆ ತಮಿಳು. ಅಲ್ಲಿಯ ಮಕ್ಕಳು ಹೊಸ್ತಿಲು ದಾಟುವಾಗ ಯಾವ ಗುಂಡಿಯನ್ನೂ ಒತ್ತುವುದಿಲ್ಲ.

ಇಂಥ ಕೋರಿಕೆಗಳನ್ನು ಗ್ನೋಮ್, ಕೆ.ಡಿ.ಇ. ತಂಡಗಳಿಗೆ ಯಾರು ಬೇಕಾದರೂ ಬರೆದು ಕಳುಹಿಸಬಹುದು. ಹಣ ಕೊಡಬೇಕಿಲ್ಲ. ಹತ್ತನೆಯ ತರಗತಿಯ ಕೆಲವರು ಈ ಕೊನೆಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಬರೆಯಲು ತೊಡಗಿದ್ದಾರೆ. ಅಂಕಣ ಎಂಬ ಪದವನ್ನು ಅವರಿಗೆ ಹೇಗೆ ವಿವರಿಸುವುದೆಂಬಲ್ಲಿ ಬರಹ ಸದ್ಯಕ್ಕೆ ನಿಂತಿದೆ. ಹಳೆಯ ಮನೆಯೊಂದರ ಚಿತ್ರ ಬರೆದು ಜೊತೆಗಿಡಿ ಎಂದು ಹೇಳಿದ್ದೇವೆ.